ನಮ್ಮ ಜಗಲಿಯ ಲಕ್ಷ್ಮಿಯ ಚಿತ್ರ ತೆಗೆದವರು



ಈ ಸಲದ ಗೋಡೆ ಪತ್ರಿಕೆಗೆ ಹಿಂದಿನ ಕಾಲದ ಒಬ್ಬ ದೊಡ್ಡವರ ಬಗ್ಗೆ ಬರೀರಿ ಅಂತ ಗುರುಗಳು ಹೇಳಿದಾಗ ಅರ್ಧ ವರ್ಗ ಕಿತ್ತೂರ ಚನ್ನಮ್ಮನನ್ನು, ಇನ್ನರ್ಧ ಸಂಗೊಳ್ಳಿ ರಾಯಣ್ಣನನ್ನು ಹಿಡಕೊಂಡು ಬಿಟ್ಟಿತು. ನನ್ನ ಪಾಲಿಗೆ ಯಾರೂ ಉಳೀಲಿಲ್ಲ. ಆದರೆ ಅದೇ ವಾರ ನಮ್ಮ ಮನೆಯಲ್ಲಿ ಒಂದು ಜಗಳ ನಡೆದಿತ್ತು. ಅದರಿಂದಲೇ ನನಗೆ ಈ ವಿಷಯ ಸಿಕ್ಕಿತು.

ನಮ್ಮ ದೇವರ ಜಗಲಿ ಮ್ಯಾಲ ಒಂದು ಹಳೇ ಲಕ್ಷ್ಮಿ ಫೋಟೊ ಐತಿ. ಆಯಿ ಮದುವೆಯಾಗಿ ಬರೋಕಿಂತ ಮೊದಲೇ ಅದು ಅಲ್ಲಿತ್ತಂತೆ. ಕಮಲದ ಮೇಲೆ ನಿಂತ ದೇವಿ, ಮಗ್ಗಲಿಗೆ ಸೊಂಡಿಲಿನಲ್ಲಿ ಹೂಮಾಲೆ ಎತ್ತಿ ಹಿಡಿದ ಆನೆ. ಈ ಮಳೆಗಾಲದಲ್ಲಿ ಚೌಕಟ್ಟಿಗೆ ಗೆದ್ದಲು ಹತ್ತಿ ಆನೆಯ ಬೆನ್ನನ್ನೇ ತಿಂದು ಹಾಕಿತು. ಭಿನ್ನ ಆದ ದೇವರನ್ನ ಮನ್ಯಾಗ ಇಡಬಾರದು, ಮಲಪ್ರಭೆಗೆ ಬಿಟ್ಟು ಬಂದು ಹೊಸಾದು ತರೋಣ ಅಂತ ಅಪ್ಪನ ಮಾತು. ಆಯಿ ಸುತಾರಾಂ ಒಪ್ಪಲಿಲ್ಲ. ಅವರಿಬ್ಬರೂ ವಾದ ಮಾಡುವಾಗ ನಾನು ಗಾಜು ಒರೆಸಿ ನೋಡಿದೆ. ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ರವಿವರ್ಮಾ ಪ್ರೆಸ್, ಕಾರ್ಲಾ, ಲೋಣಾವಳಾ ಅಂತ ಇತ್ತು. ದೇವರ ಫೋಟೊಕ್ಕೂ ಅದನ್ನು ತೆಗೆದ ಒಬ್ಬ ಮನುಷ್ಯಾ ಇರ್ತಾನ ಅಂತ ನಾನು ಆವತ್ತಿನ ತನಕ ವಿಚಾರವೇ ಮಾಡಿರಲಿಲ್ಲ. ಮರುದಿನ ಗುರುಗಳನ್ನು ಕೇಳಿದೆ. ಅವರು ಓದಲು ಕೊಟ್ಟ ಪುಸ್ತಕದಿಂದ ತಿಳಿದದ್ದನ್ನು ಬರೆಯುತ್ತೇನೆ.

ರಾಜಾ ರವಿವರ್ಮರು 1848ರ ಏಪ್ರಿಲ್ 29ರಂದು ಈಗಿನ ಕೇರಳದ ಕಿಳಿಮಾನೂರಿನಲ್ಲಿ ಹುಟ್ಟಿದರು. ಆಗ ಅದು ತಿರುವಾಂಕೂರು ಸಂಸ್ಥಾನ. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆ ನಡೆದಿತ್ತು. ಚಿಕ್ಕವರಿದ್ದಾಗ ಇದ್ದಲಿ ತಗೊಂಡು ಮನೆಯ ಗೋಡೆ ತುಂಬ ಚಿತ್ರ ತೆಗೆಯುತ್ತಿದ್ದರಂತೆ. ನಮ್ಮಲ್ಲಿ ಯಾರಾದರೂ ಹಂಗ ಮಾಡಿದ್ದರ ಬೆನ್ನಿಗೆ ಎರಡು ಬೀಳತಿದ್ದವು. ಅವರ ಸೋದರಮಾವ ಸ್ವತಃ ಚಿತ್ರಕಾರರು. ಅವರು ಬೈಯದೆ ಕಲಿಸಲಿಕ್ಕೆ ಕುಂತರು. 14ನೆಯ ವರ್ಷಕ್ಕೆ ಹುಡುಗನನ್ನು ತಿರುವನಂತಪುರದ ಅರಮನೆಗೆ ಕರೆದುಕೊಂಡು ಹೋದರು. ಮಹಾರಾಜ ಆಯಿಲ್ಯಂ ತಿರುನಾಳರು ಅಲ್ಲೇ ಇಟ್ಟುಕೊಂಡರು.

ಇನ್ನು ಎಣ್ಣೆ ಬಣ್ಣ ಕಲಿತ ಕಥೆ. ಇದು ನನಗೆ ಬಹಳ ಸೇರಿತು. ಆ ಕಾಲಕ್ಕೆ ನಮ್ಮ ದೇಶದಲ್ಲಿ ಎಣ್ಣೆ ಬಣ್ಣದ ಕೆಲಸ ಗೊತ್ತಿದ್ದವರು ಬಹಳ ಕಡಿಮೆ. ಅರಮನೆಯ ಚಿತ್ರಕಾರ ರಾಮಸ್ವಾಮಿ ನಾಯ್ಕರರಿಗೆ ಅದು ಗೊತ್ತಿತ್ತು, ಆದರೆ ಈ ಹುಡುಗ ಮುಂದೆ ತನ್ನನ್ನೇ ಮೀರಿಸಿಯಾನು ಅಂತ ಹೇಳಿಕೊಡಲಿಲ್ಲ. ಅವರ ಶಿಷ್ಯ ಆರುಮುಗಂ ಪಿಳ್ಳೆ ರಾತ್ರಿ ಹೊತ್ತು ಗುಟ್ಟಾಗಿ ಬಂದು ತನಗೆ ಬಂದಷ್ಟು ತೋರಿಸುತ್ತಿದ್ದನಂತೆ. 1868ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರ ಮಹಾರಾಜರ ಚಿತ್ರ ತೆಗೆಯಲು ಬಂದ. ಅವನೂ ಕಲಿಸಲಿಲ್ಲ. ಬೇಕಾದರೆ ಬಾಜೂಕ ನಿಂತು ನೋಡು ಅಂದನಂತೆ, ಅಷ್ಟೇ. ರವಿವರ್ಮರು ನಿಂತು ನೋಡಿದರು. ಆಮೇಲೆ ತಮ್ಮ ಕೋಣೆಗೆ ಹೋಗಿ ಮಾಡಿ ನೋಡಿದರು, ಕೆಡಿಸಿದರು, ಮತ್ತೆ ಮಾಡಿದರು.

1870ರಲ್ಲಿ ಅವರು ನಮ್ಮ ಕರ್ನಾಟಕದ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ದರ್ಶನ ಮಾಡಿಕೊಂಡು ಹೋದರು. ಮರಳುವಾಗ ಕಲ್ಲಿಕೋಟೆಯಲ್ಲಿ ಒಂದು ಮನೆತನದ ಚಿತ್ರ ತೆಗೆದುಕೊಟ್ಟು ಮೊದಲ ಸಲ ದುಡ್ಡು ತಗೊಂಡರು. ರಾಜರ ಬೀಗರಾದವರು ಕೂಲಿಗೆ ಕುಂಚ ಹಿಡಿಯೋದು ಆಗ ಸಣ್ಣ ಮಾತಲ್ಲ. 1873ರಲ್ಲಿ ವಿಯೆನ್ನಾದ ಪ್ರದರ್ಶನದಲ್ಲಿ ಬಹುಮಾನ ಬಂತು. 1893ರಲ್ಲಿ ಹತ್ತು ಚಿತ್ರಗಳು ಶಿಕಾಗೋಕ್ಕೆ ಹೋಗಿ ಪದಕ ತಂದವು. ವಿವೇಕಾನಂದರು ಭಾಷಣ ಮಾಡಿದ್ದೂ ಅದೇ ವರ್ಷ, ಅದೇ ಊರಲ್ಲಿ. ಚಿತ್ರಗಳು ಹಡಗು ಹತ್ತಿದವು, ರವಿವರ್ಮರು ಮಾತ್ರ ಸಮುದ್ರ ದಾಟಲೇ ಇಲ್ಲ.

ಬಡೋದೆ, ಮೈಸೂರು ಹೀಗೆ ರಾಜರೆಲ್ಲ ಕರೆದು ಕರೆದು ಚಿತ್ರ ತೆಗೆಸಿದರು. ಹನ್ನೊಂದು ಮಂದಿ ಹೆಣ್ಣುಮಕ್ಕಳು ಬೇರೆ ಬೇರೆ ಸೀಮೆಯ ಉಡುಪಿನಲ್ಲಿ ಕುಂತು ಸಂಗೀತ ನಡೆಸಿರುವ 1889ರ ಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿದೆ. ಆದರೆ ಅರಮನೆ ಗೋಡೆಯ ಚಿತ್ರವನ್ನು ನೋಡುವವರು ಯಾರು? ಹೊಲದಾಗ ದುಡಿಯೋರು ಅಲ್ಲಿ ಹೋಗುವ ಹಾಂಗಿರಲಿಲ್ಲ. ಎಷ್ಟೋ ಜನರಿಗೆ ಗುಡಿಯೊಳಗೂ ಪ್ರವೇಶ ಇರಲಿಲ್ಲ. ಚಿತ್ರಗಳನ್ನು ಅಚ್ಚು ಹಾಕಿಸಿರಿ ಅಂತ ದಿವಾನ ಮಾಧವರಾಯರು ಹಿಂದೆಯೇ ಸೂಚಿಸಿದ್ದರು. ಕಡೆಗೆ 1894ರಲ್ಲಿ ರವಿವರ್ಮರೂ ಅವರ ತಮ್ಮ ರಾಜರಾಜವರ್ಮರೂ ಮುಂಬಯಿಯಲ್ಲಿ ಸ್ವಂತ ಪ್ರೆಸ್ ಹಾಕಿದರು. ಯಂತ್ರಗಳು ಬಂದದ್ದು ಜರ್ಮನಿಯಿಂದ.

ಅದು ಕಲ್ಲಚ್ಚು. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ತೆಗೆಯುತ್ತಾರೆ. ಎಣ್ಣಿ ಕೈಗೆ ನೀರು ಹತ್ತೋದಿಲ್ಲಲ್ಲ, ಹಂಗ. ಕಲ್ಲು ತೋಯಿಸಿ ಮಸಿ ಉರುಳಿಸಿದರೆ ಜಿಡ್ಡಿದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ, ಒದ್ದೆ ಜಾಗದಲ್ಲಿ ಹಿಡಿಯುವುದಿಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದೇ ಕಾಗದವನ್ನು ಎಲ್ಲಾ ಕಲ್ಲುಗಳ ಮೇಲೂ ಒತ್ತಬೇಕು. ಕೂದಲೆಳೆಯಷ್ಟು ಸರಿದರೂ ದೇವಿಯ ತುಟಿಯ ಕೆಂಪು ಗಲ್ಲಕ್ಕೆ ಹತ್ತುತ್ತದೆ. ನಮ್ಮ ಲಕ್ಷ್ಮಿಯ ತುಟಿ ನೋಡಿದೆ, ಸರಿಯಾಗೇ ಐತಿ.

ಚಿತ್ರಗಳು ಮನೆಮನೆಗೆ ಹೋದವು, ಆದರೆ ಹಾಕಿದ ರೊಕ್ಕ ತಿರುಗಿ ಬರಲಿಲ್ಲ. ಮುಂಬಯಿಗೆ ಪ್ಲೇಗು ಬಂತು. ಪ್ರೆಸ್ಸನ್ನು ಲೋಣಾವಳಾ ಹತ್ತಿರದ ಮಳವಲಿಗೆ ಎತ್ತಿಕೊಂಡು ಹೋದರು. ಸಾಲ ತೀರಲಿಲ್ಲ. ಕೊನೆಗೆ ಅಲ್ಲೇ ಕೆಲಸಕ್ಕಿದ್ದ ಜರ್ಮನಿಯ ಫ್ರಿಟ್ಜ್ ಶ್ಲೈಖರ್ ಎಂಬವನಿಗೆ ಅದನ್ನು ಮಾರಿಬಿಟ್ಟರು. ಅವರ ಹೆಸರಿನ ಪ್ರೆಸ್ ಅವರದೇ ಚಿತ್ರಗಳನ್ನು ಅಚ್ಚು ಹಾಕುತ್ತಲೇ ಇತ್ತು, ಯಜಮಾನ ಮಾತ್ರ ಬೇರೆಯವನು. ಇದನ್ನು ಓದಿದಾಗ ನನಗೆ ಕೆಟ್ಟ ಅನಿಸಿತು. ಲೋಣಾವಳಾದಿಂದ ಪುಣೆ, ಪುಣೆಯಿಂದ ಬೆಳಗಾವಿಗೆ ಆಗಲೇ ರೈಲು ಇತ್ತು. ನಮ್ಮ ಫೋಟೊ ಆ ದಾರಿಯಲ್ಲೇ ಬಂದು, ಆಮೇಲೆ ಚಕ್ಕಡಿಯೊಳಗ ಊರು ಮುಟ್ಟಿರಬೇಕು ಅಂತ ನನ್ನ ಲೆಕ್ಕ.

1905ರಲ್ಲಿ ತಮ್ಮ ತೀರಿಕೊಂಡರು. ಊರೂರು ಜೊತೆಗೆ ತಿರುಗಿದ, ಚಿತ್ರದಲ್ಲೂ ಕೈ ಹಚ್ಚುತ್ತಿದ್ದ ತಮ್ಮ. ರವಿವರ್ಮರಿಗೆ ಸಕ್ಕರೆ ಕಾಯಿಲೆ ಇತ್ತು. ಆದರೂ ಮೈಸೂರು ಮಹಾರಾಜರು ಹೇಳಿದ್ದ ಪುರಾಣದ ಚಿತ್ರಗಳ ಕೆಲಸ ನಡೆಸಿದರು. 1906ರ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲೇ ತೀರಿಕೊಂಡರು. 58 ವರ್ಷ. ಆ ದಿನ ನಾವು ಗಾಂಧಿ ಜಯಂತಿ ಮಾಡುತ್ತೇವೆ, ಇವರ ನೆನಪು ಯಾರಿಗೂ ಆಗುವುದಿಲ್ಲ.

ಅವರ ದೇವತೆಗಳು ನಾಟಕದ ಪಾತ್ರಗಳ ಹಾಗಿದ್ದಾರೆ, ಎಲ್ಲಾ ಯುರೋಪಿನ ರೀತಿ ಅಂತ ಆಮೇಲೆ ಬಂದ ಪಂಡಿತರು ಟೀಕಿಸಿದರು. ಒಂದು ಮಾತು ನನಗೂ ಖರೇ ಅನಿಸ್ತು. ನಾ ನೋಡಿದ ಅವರ ಚಿತ್ರಗಳೊಳಗ ನಮ್ಮ ಅವ್ವನ ಬಣ್ಣದ ದೇವಿ ಒಬ್ಬಾಕಿನೂ ಇಲ್ಲ.

ಇದನ್ನೆಲ್ಲ ಮನೆಯಲ್ಲಿ ಓದಿ ಹೇಳಿದೆ. ಆಯಿಗೆ ಚಿತ್ರಕಾರರ ಸುದ್ದಿ ಅಷ್ಟಕ್ಕಷ್ಟೇ. ಅಪ್ಪ ಮಾತ್ರ ಪ್ರೆಸ್ ಮಾರಿದ ಭಾಗವನ್ನು ಎರಡು ಸಲ ಓದಿಸಿದ. ಮುಂದಿನ ವಾರ ಬೈಲಹೊಂಗಲ ಪ್ಯಾಟಿಗೆ ಹೋದಾಗ ಫೋಟೊವನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಹೋಗಿ, ಹಿಂದೆ ರಟ್ಟು ಹಚ್ಚಿಸಿ, ಹೊಸ ಗಾಜು ಹಾಕಿಸಿಕೊಂಡು ಬಂದ. ಆನೆಗೆ ಬೆನ್ನಿಲ್ಲ. ಶುಕ್ರವಾರ ಆಯಿ ಆ ಖಾಲಿ ಜಾಗಕ್ಕೆ ಸರಿಯಾಗಿ ಒಂದು ದಾಸವಾಳ ಸಿಗಿಸ್ತಾಳ.