ಸಾಮ್ಯದಿಂದ ರೂಪಕಕಥೆಗೆ: ಜಾನ್ ಬನ್ಯನ್

ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣದ ಬಳಿಯ ಎಲ್‌ಸ್ಟೋ ಗ್ರಾಮದಲ್ಲಿ 1628ರಲ್ಲಿ ಜನಿಸಿದ ಜಾನ್ ಬನ್ಯನ್, ಲೋಹದ ಪಾತ್ರೆಗಳನ್ನು ದುರಸ್ತಿ ಮಾಡುವವನ ಮಗ. ತಾನೂ ಅದೇ ಕಸುಬಿನವನು. ವಿಶ್ವವಿದ್ಯಾಲಯದ ಶಿಕ್ಷಣ ಅವನಿಗಿರಲಿಲ್ಲ. ಬೈಬಲ್ಲೇ ಅವನ ಅಲಂಕಾರಶಾಸ್ತ್ರವೆಂದರೆ ಅತಿಶಯವಾಗದು.

1650ರ ದಶಕದಲ್ಲಿ ಬೆಡ್‌ಫರ್ಡಿನ ಸ್ವತಂತ್ರ ಸಭೆಯ ಬೋಧಕನಾದ ಬನ್ಯನ್‌ನ ಆರಂಭದ ಕೃತಿಗಳಲ್ಲೊಂದು ಲೂಕನ ಸುವಾರ್ತೆಯ ಧನಿಕ-ಲಾಜರರ ಕಥೆಯ ವ್ಯಾಖ್ಯಾನ (1658). ಕನ್ನಡ ಬೈಬಲ್ಲಿನಲ್ಲಿ 'ಸಾಮ್ಯ'ವೆಂದೂ ಕಥೋಲಿಕ ಬಳಕೆಯಲ್ಲಿ 'ಸಾಮತಿ'ಯೆಂದೂ ಕರೆಯಲಾಗುವ ಈ ಪ್ರಕಾರವು ದೃಷ್ಟಾಂತಕ್ಕೆ ಸಮೀಪವಾದರೂ ಅದರೊಂದಿಗೆ ಪೂರ್ಣವಾಗಿ ಒಂದಾಗುವುದಿಲ್ಲ. ದೃಷ್ಟಾಂತ ಹೇಳಿದ್ದನ್ನು ಸ್ಥಿರಪಡಿಸುತ್ತದೆ. ಸಾಮ್ಯ ಹೇಳದೆ ಉಳಿದದ್ದನ್ನು ಕೇಳುಗನಿಗೆ ಬಿಡುತ್ತದೆ.

1660ರಲ್ಲಿ ರಾಜಪ್ರಭುತ್ವ ಮರಳಿತು. ಅಧಿಕೃತ ಚರ್ಚಿನ ಹೊರಗೆ ಬೋಧಿಸಿದ ಅಪರಾಧಕ್ಕಾಗಿ ಅದೇ ನವೆಂಬರಿನಲ್ಲಿ ಬನ್ಯನ್ ಬಂಧಿತನಾದ. ಬೋಧನೆಯನ್ನು ನಿಲ್ಲಿಸಲು ಒಪ್ಪಿದ್ದರೆ ಬಿಡುಗಡೆ ಸಾಧ್ಯವಿತ್ತು, ಅವನು ಒಪ್ಪಲಿಲ್ಲ. 1661ರಲ್ಲಿ ಪತ್ನಿ ಎಲಿಜಬೆತ್ ನ್ಯಾಯಾಧೀಶರೆದುರು ಮಾಡಿಕೊಂಡ ಮನವಿಯೂ ಫಲಿಸಲಿಲ್ಲ. ಮನೆಯಲ್ಲಿ ನಾಲ್ವರು ಮಕ್ಕಳು. ಅವರಲ್ಲಿ ಮೇರಿ ದೃಷ್ಟಿಯಿಲ್ಲದೆ ಹುಟ್ಟಿದವಳು. ಸೆರೆಯಲ್ಲೇ ಲಾಡಿಗಳನ್ನು ತಯಾರಿಸಿ ಸಂಸಾರಕ್ಕೆ ನೆರವಾದ ಅವನು ಹೊರಬಂದದ್ದು 1672ರಲ್ಲಿ.

'ಯಾತ್ರಿಕನ ಪ್ರಗತಿ' ಈ ಸೆರೆವಾಸದಲ್ಲಿ ಆರಂಭವಾಯಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಅಚ್ಚಾದದ್ದು 1678ರಲ್ಲಿ. ಹಸ್ತಪ್ರತಿಯನ್ನು ಕಂಡ ಮಿತ್ರರಲ್ಲಿ ಒಮ್ಮತವಿರಲಿಲ್ಲ: ಕೆಲವರು ಪ್ರಕಟಿಸೆಂದರು, ಕೆಲವರು ಬೇಡವೆಂದರು. ದೈವಸತ್ಯವನ್ನು ಕಲ್ಪಿತ ಕಥೆಯ ಮೂಲಕ ಹೇಳಬಹುದೇ ಎಂಬುದೇ ಆಕ್ಷೇಪಣೆಯ ತಿರುಳು. ಗ್ರಂಥಾರಂಭದ ಪದ್ಯರೂಪದ ಸಮರ್ಥನೆಯಲ್ಲಿ ಅವನು ಪ್ರವಾದಿಗಳನ್ನೂ ಕ್ರಿಸ್ತನನ್ನೂ ಸಾಕ್ಷಿಗೆ ಕರೆಯುತ್ತಾನೆ. ಮುಖಪುಟಕ್ಕೆ ಹೋಶೇಯನ ವಾಕ್ಯವನ್ನು ಆರಿಸಿಕೊಳ್ಳುತ್ತಾನೆ. ಹನ್ನೆರಡು ವರ್ಷ ಬಾಯಿ ಕಟ್ಟಿಸಿಕೊಳ್ಳಲು ಒಪ್ಪದವನು ಸ್ವಪಕ್ಷದವರೆದುರೂ ವಾದಿಸಬೇಕಾಗಿ ಬಂದದ್ದು ಗಮನಾರ್ಹ.

ಆದರೆ ಅವನ ಮಾರ್ಗ ಏಸುವಿನ ಮಾರ್ಗವೇ ಅಲ್ಲ. ಲಾಜರನೊಬ್ಬನನ್ನು ಬಿಟ್ಟರೆ ಸಾಮ್ಯಗಳ ಪಾತ್ರಗಳಿಗೆ ಹೆಸರಿಲ್ಲ. ಬನ್ಯನ್‌ನಲ್ಲಿ ಹೆಸರೇ ಅರ್ಥ: ಕ್ರೈಸ್ತ, ಹಠಮಾರಿ, ವಿಶ್ವಾಸಿ. ವ್ಯಾಖ್ಯಾನಕಾರನ ಅಭ್ಯಾಸ ಕಥೆಗಾರನನ್ನು ಪೂರ್ತಿ ಬಿಟ್ಟುಹೋಗಿಲ್ಲ. ಆದಾಗ್ಯೂ ಕೃತಿ ಶುಷ್ಕವಾಗದಿರಲು ಅದರ ಕೆಸರು, ಸಂತೆ, ದಾರಿಗಳು ಕಾರಣ. ವಿಶ್ವಾಸಿಯ ವಿಚಾರಣೆಯನ್ನು ಬರೆದವನು ನ್ಯಾಯಾಲಯವನ್ನು ಕಟಕಟೆಯೊಳಗಿನಿಂದ ಕಂಡವನು.

19ನೆಯ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರ ಮೂಲಕ ಈ ಕೃತಿ 'ಯಾತ್ರಿಕನ ಸಂಚಾರ'ವೆಂದು ಕನ್ನಡಕ್ಕೆ ಬಂದಿತು; ಆರಂಭದ ಕನ್ನಡ ಗದ್ಯದ ಅಧ್ಯಯನದಲ್ಲಿ ಅದಕ್ಕೆ ಸ್ಥಾನವಿದೆ.

1688ರಲ್ಲಿ ತಂದೆ-ಮಗನ ಮನಸ್ತಾಪವೊಂದನ್ನು ಬಗೆಹರಿಸಲು ರೆಡಿಂಗ್‌ಗೆ ಹೋದ ಬನ್ಯನ್, ಲಂಡನ್ನಿಗೆ ಬರುವಾಗ ಮಳೆಯಲ್ಲಿ ನೆನೆದು ಜ್ವರಕ್ಕೆ ತುತ್ತಾದ. ಆಗಸ್ಟ್ 31ರಂದು ತೀರಿಕೊಂಡ ಅವನ ಸಮಾಧಿ ಲಂಡನ್ನಿನ ಬನ್‌ಹಿಲ್ ಫೀಲ್ಡ್ಸ್‌ನಲ್ಲಿದೆ.