ವಿಜ್ಞಾನದ ಪದವಿ ಇಲ್ಲದೆ ಕನ್ನಡಕ್ಕೆ ವಿಜ್ಞಾನ ತಂದ ಕಾರಂತರು: ಗದ್ಯಭಾಗ ಓದಿ ಉತ್ತರಿಸುವ ಮಕ್ಕಳಿಗೂ, ಫಾರ್ವರ್ಡ್ ಓದುವ ನಮಗೂ

ವಿಜ್ಞಾನದ ಒಂದು ಗದ್ಯಭಾಗ, ಅದರ ಕೆಳಗೆ ಒಂದು ಪ್ರಶ್ನೆ, ಅ, ಆ, ಇ, ಈ ಎಂದು ನಾಲ್ಕು ಉತ್ತರ. ಇಂಥ ಪ್ರಶ್ನೆ ಕಂಡರೆ ಎಷ್ಟೋ ಮಕ್ಕಳು ಓದುವ ಮೊದಲೇ ಕೈಚೆಲ್ಲುತ್ತಾರೆ. ಪಾಠದಲ್ಲಿ ಬಾರದ ವಿಷಯಕ್ಕೆ ಉತ್ತರ ಬರೆಯುವುದು ಹೇಗೆ ಎಂಬುದು ಅವರ ಭಯ. ವಿಜ್ಞಾನ ಕಲಿತವರಿಗೆ ಮಾತ್ರ ವಿಜ್ಞಾನದ ಬರಹ ಅರ್ಥವಾಗುತ್ತದೆ ಎಂದು ದೊಡ್ಡವರೂ ನಂಬಿದ್ದಾರೆ. ಇದು ನಿಜವೇ?

ನಿಜವಲ್ಲ ಎನ್ನುವುದಕ್ಕೆ ನಮ್ಮ ಪುತ್ತೂರಿನಲ್ಲೇ ಬಾಳಿದ ಒಬ್ಬರ ಬದುಕು ಸಾಕ್ಷಿ. ಅವರು ಡಾ. ಕೆ. ಶಿವರಾಮ ಕಾರಂತರು.

ಕಾಲೇಜು ಬಿಟ್ಟ ಹುಡುಗ

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಉಡುಪಿ ಬಳಿಯ ಕೋಟದಲ್ಲಿ. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಬಂತು. ಓದನ್ನು ಅಲ್ಲಿಗೇ ಬಿಟ್ಟರು, ಮತ್ತೆ ಕಾಲೇಜಿನ ಕಡೆ ತಿರುಗಲಿಲ್ಲ. ಮುಂದೆ ಹಲವು ವಿಶ್ವವಿದ್ಯಾಲಯಗಳು ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟವು. ಆದರೆ ಪರೀಕ್ಷೆ ಬರೆದು ಪಡೆದ ಪದವಿ ಅವರ ಬಳಿ ಇರಲಿಲ್ಲ.

ಆಮೇಲೆ ಅವರು ನೆಲೆಸಿದ್ದು ಪುತ್ತೂರಿನಲ್ಲಿ. ಆಗ ಸುಳ್ಯವೂ ಪುತ್ತೂರು ತಾಲೂಕಿಗೇ ಸೇರಿತ್ತು. ಅಂದರೆ ಕೇರಳದ ಗಡಿಗೆ ಅಂಟಿಕೊಂಡಿರುವ ಮಂಡೆಕೋಲಿನವರಿಗೂ ಪುತ್ತೂರೇ ತಾಲೂಕು ಕೇಂದ್ರ. ಪುತ್ತೂರಿನ ಪರ್ಲಡ್ಕದ ಗುಡ್ಡದ ಮೇಲೆ ಕಾರಂತರು ‘ಬಾಲವನ’ ಕಟ್ಟಿದರು. ಆಟ, ನಾಟಕ, ಕುಣಿತಗಳ ಮೂಲಕ ಮಕ್ಕಳಿಗೆ ಕಲಿಸುವ ಪ್ರಯೋಗ ಅಲ್ಲಿ ನಡೆಯಿತು. ಇಂದಿಗೂ ಬಾಲವನಕ್ಕೆ ಹೋಗಿ ನೋಡಬಹುದು.

ಒಬ್ಬರೇ ಕೂತು ಬರೆದ ಜ್ಞಾನಕೋಶ

ಕಾರಂತರೆಂದರೆ ‘ಚೋಮನ ದುಡಿ’, ‘ಮೂಕಜ್ಜಿಯ ಕನಸುಗಳು’, ಯಕ್ಷಗಾನ ಎಂದು ಎಲ್ಲರಿಗೂ ಗೊತ್ತು. 1977ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂತು. ಆದರೆ ಅವರ ಇನ್ನೊಂದು ದುಡಿಮೆ ಅಷ್ಟಾಗಿ ಫಾರ್ವರ್ಡ್ ಆಗುವುದಿಲ್ಲ.

1936ರಲ್ಲಿ ಅವರು ‘ಬಾಲ ಪ್ರಪಂಚ’ ತಂದರು. ಮಕ್ಕಳಿಗಾಗಿ ಕನ್ನಡದಲ್ಲಿ ಮೂರು ಸಂಪುಟಗಳ ಜ್ಞಾನಕೋಶ! ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದರು. ಇಂದು ತಜ್ಞರ ಮಂಡಳಿಯೇ ಕೂತು ಮಾಡುವ ಕೆಲಸವನ್ನು ಆಗ ಕಾರಂತರು ಒಬ್ಬರೇ ಮಾಡಿದರು. ಇಂಟರ್‌ನೆಟ್ ಇರಲಿಲ್ಲ, ಎಷ್ಟೋ ವಿಷಯಗಳಿಗೆ ಕನ್ನಡದಲ್ಲಿ ಪದವೇ ಇರಲಿಲ್ಲ.

ಅವರ ಬಳಿ ಇದ್ದ ಬಂಡವಾಳ ಒಂದೇ: ಓದಿದ್ದನ್ನು ಅರ್ಥವಾಗುವ ತನಕ ಓದುವುದು, ಅರ್ಥವಾದದ್ದನ್ನು ತನ್ನ ಮಾತಿನಲ್ಲಿ ಹೇಳುವುದು. ಗದ್ಯಭಾಗದ ಪ್ರಶ್ನೆ ಕೇಳುವುದೂ ಇಷ್ಟನ್ನೇ.

ನಾಲ್ಕರಲ್ಲಿ ಒಂದನ್ನು ಆರಿಸುವುದು ಹೇಗೆ?

ಇಂಥ ಬಹು ಆಯ್ಕೆ ಪ್ರಶ್ನೆಗಳ ಹುಟ್ಟೂ ಓದಿಗೇ ಸಂಬಂಧಿಸಿದ್ದು. 1915ರ ಸುಮಾರಿಗೆ ಅಮೆರಿಕದ ಕಾನ್ಸಾಸ್‌ನಲ್ಲಿ ಫ್ರೆಡರಿಕ್ ಕೆಲ್ಲಿ ಎಂಬವರು ಮಕ್ಕಳ ಮೌನ ಓದನ್ನು ಅಳೆಯಲು ಇಂಥ ಪರೀಕ್ಷೆ ರೂಪಿಸಿದರು. ನಾವು ನಮ್ಮ ಅಡಿಕೆ ತೋಟದ್ದೇ ಉದಾಹರಣೆ ನೋಡೋಣ.

ಗದ್ಯಭಾಗ: ಅಡಿಕೆಯ ಕೊಳೆರೋಗಕ್ಕೆ ಕಾರಣ ಫೈಟೋಫ್ತೊರಾ ಎಂಬ ಸೂಕ್ಷ್ಮಜೀವಿ. ಬಿಡದೆ ಮಳೆ ಸುರಿದಾಗ ಅದು ಬೇಗ ಹರಡುತ್ತದೆ. ಮಳೆ ಹಿಡಿಯುವ ಮುಂಚೆ ಗೊನೆಗೆ ಬೋರ್ಡೋ ದ್ರಾವಣ ಸಿಂಪಡಿಸಿದರೆ ಕಾಯಿಯ ಮೇಲೆ ತಾಮ್ರದ ಅಂಶ ಉಳಿದು, ರೋಗಾಣು ಮೊಳೆಯದಂತೆ ತಡೆಯುತ್ತದೆ.

ಪ್ರಶ್ನೆ: ಗದ್ಯಭಾಗದ ಪ್ರಕಾರ, ಮಳೆಗೆ ಮುಂಚೆಯೇ ಮದ್ದು ಬಿಡುವುದು ಯಾಕೆ?

ಅ) ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಮತ್ತು ಸುಣ್ಣ ಇರುವುದರಿಂದ
ಆ) ಮಳೆಯಲ್ಲಿ ಮರ ಹತ್ತುವುದು ಕಷ್ಟವಾದ್ದರಿಂದ
ಇ) ರೋಗಾಣು ಮೊಳೆಯುವ ಮುಂಚೆ ಕಾಯಿಗೆ ರಕ್ಷಣೆ ಸಿಗಲಿ ಎಂದು
ಈ) ಒಮ್ಮೆ ಮದ್ದು ಬಿಟ್ಟರೆ ರೋಗ ಎಂದಿಗೂ ಬಾರದು ಎಂದು

ಸರಿ ಉತ್ತರ ‘ಇ’. ಉಳಿದ ಮೂರನ್ನು ಗಮನಿಸಿ. ‘ಅ’ ನಿಜ, ಆದರೆ ಕೇಳಿದ್ದಕ್ಕೆ ಉತ್ತರವಲ್ಲ. ‘ಆ’ ಕೂಡ ನಿಜವೇ, ಮಂಡೆಕೋಲಿನ ಯಾವ ಕೃಷಿಕರನ್ನು ಕೇಳಿದರೂ ಹೌದೆನ್ನುತ್ತಾರೆ. ಆದರೆ ಆ ಮಾತು ಗದ್ಯಭಾಗದಲ್ಲಿ ಇಲ್ಲ. ‘ಈ’ ಅತಿಯಾಯಿತು. ಗದ್ಯಭಾಗ ತಡೆಯುತ್ತದೆ ಎಂದಿತೇ ಹೊರತು ಎಂದಿಗೂ ಬಾರದು ಎನ್ನಲಿಲ್ಲ. ತೋಟದಲ್ಲೂ ಹಾಗೇ, ಮಳೆ ಮುಂದುವರಿದರೆ ಮತ್ತೊಮ್ಮೆ ಮದ್ದು ಬಿಡಬೇಕಾಗುತ್ತದೆ.

ಅಂದರೆ ಫೈಟೋಫ್ತೊರಾ ಎಂಬ ಹೆಸರನ್ನು ಮೊದಲ ಬಾರಿ ಕೇಳಿದ ಮಗುವೂ ಇಲ್ಲಿ ಪೂರ್ತಿ ಅಂಕ ಪಡೆಯಬಹುದು. ಮೊದಲು ಪ್ರಶ್ನೆ ಓದಿ, ಆಮೇಲೆ ಗದ್ಯಭಾಗ ಓದಿ. ಆರಿಸಿದ ಉತ್ತರಕ್ಕೆ ಆಧಾರವಾದ ಸಾಲಿನ ಮೇಲೆ ಬೆರಳಿಡಿ. ಬೆರಳಿಡಲು ಸಾಲು ಸಿಗದಿದ್ದರೆ ಅದು ಉತ್ತರವಲ್ಲ.

ಓದುವುದಷ್ಟೇ ಅಲ್ಲ, ಪ್ರಶ್ನಿಸುವುದೂ

ಕಾರಂತರು ವಿಜ್ಞಾನವನ್ನು ಕುರುಡಾಗಿ ಹೊಗಳಿದವರಲ್ಲ. ವಯಸ್ಸು ಎಂಬತ್ತು ದಾಟಿದ ಮೇಲೆ ಕೈಗಾ ಅಣು ವಿದ್ಯುತ್ ಸ್ಥಾವರದ ವಿರುದ್ಧ ಹೋರಾಟಕ್ಕಿಳಿದರು. 1989ರಲ್ಲಿ ಅದೇ ವಿಷಯ ಮುಂದಿಟ್ಟು ಉತ್ತರ ಕನ್ನಡದಿಂದ ಲೋಕಸಭೆ ಚುನಾವಣೆಗೆ ನಿಂತರು, ಸೋತರು. ಅವರ ನಿಲುವನ್ನು ಒಪ್ಪಬಹುದು, ಬಿಡಬಹುದು. ಆದರೆ ವಿಜ್ಞಾನದ ಸಂಗತಿಗಳನ್ನು ಓದಿ ಪ್ರಶ್ನೆ ಕೇಳುವ ಹಕ್ಕು ಸಾಮಾನ್ಯರಿಗೂ ಇದೆ ಎಂದು ಅವರು ಬದುಕಿ ತೋರಿಸಿದರು.

ಕೊನೆಯ ವರ್ಷಗಳಲ್ಲೂ ಹಕ್ಕಿಗಳ ಬಗ್ಗೆ ಬರೆಯುತ್ತಿದ್ದ ಕಾರಂತರು 1997ರ ಡಿಸೆಂಬರ್ 9ರಂದು ತೀರಿಕೊಂಡರು.

ಈಗ ನಮ್ಮ ಮೊಬೈಲಿಗೆ ಬರುವ ಫಾರ್ವರ್ಡ್‌ಗಳನ್ನು ನೋಡಿ. ಎಲ್ಲ ಕಾಯಿಲೆಗೂ ಒಂದೇ ಕಷಾಯ, ಒಂದೇ ದಿನದಲ್ಲಿ ಗುಣ, ವೈದ್ಯರು ಮುಚ್ಚಿಟ್ಟ ಗುಟ್ಟು. ಇವು ಮೇಲಿನ ‘ಈ’ ಉತ್ತರದ ಅಣ್ಣತಮ್ಮಂದಿರೇ. ಪರೀಕ್ಷೆಯಲ್ಲಿ ತಪ್ಪಿದರೆ ಒಂದು ಅಂಕ ಹೋಗುತ್ತದೆ. ಇಲ್ಲಿ ತಪ್ಪಿದರೆ ಮನೆಯ ಹಿರಿಯರು ಬಿಪಿ ಮಾತ್ರೆ ನಿಲ್ಲಿಸಿ ಕಷಾಯ ಕುಡಿದು ಆಸ್ಪತ್ರೆ ಸೇರಬೇಕಾದೀತು.

ಆದ್ದರಿಂದ ಕಳುಹಿಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳೋಣ. ಶೀರ್ಷಿಕೆ ಹೇಳಿದ್ದಕ್ಕೆ ಒಳಗಿನ ಬರಹದಲ್ಲಿ ಆಧಾರವಿದೆಯೇ? ಆ ಬರಹಕ್ಕೆ ಹೊರಗೆ ಆಧಾರವಿದೆಯೇ? ಎರಡಕ್ಕೂ ಬೆರಳಿಟ್ಟು ತೋರಿಸಲು ಆದರೆ ಮಾತ್ರ ಫಾರ್ವರ್ಡ್ ಒತ್ತಿ.