ಪ್ರಜೆಯನ್ನು ಕೇಳಿದ ಮೇಷ್ಟ್ರು

1991ರಲ್ಲಿ ತಾಂಜಾನಿಯಾ ದೇಶ ತನ್ನ ಪ್ರಜೆಗಳ ಮುಂದೆ ಒಂದು ಪ್ರಶ್ನೆಯನ್ನಿಟ್ಟಿತು. ದೇಶದಲ್ಲಿ ಇದುವರೆಗಿನಂತೆ ಒಂದೇ ರಾಜಕೀಯ ಪಕ್ಷ ಇರಬೇಕೆ ಅಥವಾ ಹಲವು ಪಕ್ಷಗಳಿಗೆ ಅವಕಾಶ ಕೊಡಬೇಕೆ ಎಂಬುದು ಆ ಪ್ರಶ್ನೆ. ಮುಖ್ಯ ನ್ಯಾಯಮೂರ್ತಿ ಫ್ರಾನ್ಸಿಸ್ ನ್ಯಲಾಲಿ ಅವರ ನೇತೃತ್ವದ ಆಯೋಗ ಮುಖ್ಯ ಭೂಭಾಗದಲ್ಲೂ ಜಾಂಜಿಬಾರ್ ದ್ವೀಪಗಳಲ್ಲೂ ಸಂಚರಿಸಿ, 36 ಸಾವಿರಕ್ಕೂ ಹೆಚ್ಚು ಜನರ ಅಭಿಪ್ರಾಯಗಳನ್ನು ದಾಖಲಿಸಿಕೊಂಡಿತು. ಶೇ 80ರ ಆಸುಪಾಸಿನಷ್ಟು ಜನ ಒಂದೇ ಪಕ್ಷ ಸಾಕು ಎಂದರು. ಹಲವು ಪಕ್ಷಗಳು ಬೇಕೆಂದವರು ಸುಮಾರು ಶೇ 20. ಆದರೆ ಆಯೋಗ 1992ರಲ್ಲಿ ಶಿಫಾರಸು ಮಾಡಿದ್ದು ಬಹುಪಕ್ಷ ಪದ್ಧತಿಯನ್ನು. ಅದನ್ನು ಒಪ್ಪಿಕೊಳ್ಳುವಂತೆ ಆಳುವ ಪಕ್ಷದ ಮನವೊಲಿಸಿದವರಲ್ಲಿ ಮುಖ್ಯರಾದವರು, ಏಕಪಕ್ಷ ವ್ಯವಸ್ಥೆಯನ್ನು ತಮ್ಮ ಕೈಯಾರೆ ಕಟ್ಟಿ ನಿಲ್ಲಿಸಿದ್ದ ಜೂಲಿಯಸ್ ನೈರೆರೆ.

ಆಫ್ರಿಕಾದ ಜನಾಭಿಪ್ರಾಯ ಸಮೀಕ್ಷೆಗಳ ಬಗ್ಗೆ ಓದುವಾಗಲೆಲ್ಲ ನನಗೆ ನೈರೆರೆ ನೆನಪಾಗುತ್ತಾರೆ. ಅವರು ಸಮೀಕ್ಷಕರೇನೂ ಆಗಿರಲಿಲ್ಲ. ಆದರೆ ಪ್ರಜೆಯನ್ನು ಕೇಳಿ ನೀತಿ ರೂಪಿಸುವುದೆಂದರೇನು ಎಂಬ ಪ್ರಶ್ನೆಯನ್ನು ಅವರಷ್ಟು ದೀರ್ಘಕಾಲ, ಅವರಷ್ಟು ವಿರೋಧಾಭಾಸಗಳೊಡನೆ ಬದುಕಿದ ಇನ್ನೊಬ್ಬ ಆಫ್ರಿಕನ್ ನಾಯಕನನ್ನು ನಾನು ಕಾಣೆ. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಕ್ರಿಯಾಪದಕ್ಕೆ ಪ್ರಶ್ನಿಸು, ಆಲಿಸು ಎಂಬ ಎರಡೂ ಅರ್ಥಗಳಿವೆ. ನೈರೆರೆ ಅವರ ಬದುಕಿನಲ್ಲಿ ಈ ಎರಡೂ ಕೆಲವೊಮ್ಮೆ ಜೊತೆಯಾಗಿ ನಡೆದವು, ಕೆಲವೊಮ್ಮೆ ಬೇರೆ ಬೇರೆ ದಾರಿ ಹಿಡಿದವು.

ವಿಕ್ಟೋರಿಯಾ ಸರೋವರದ ಪೂರ್ವಕ್ಕಿರುವ ಬುಟಿಯಾಮಾ ಎಂಬ ಹಳ್ಳಿಯಲ್ಲಿ 1922ರಲ್ಲಿ ಹುಟ್ಟಿದ ಅವರು, ಜನಾಕಿ ಎಂಬ ಸಣ್ಣ ಬುಡಕಟ್ಟಿನ ಮುಖ್ಯಸ್ಥರೊಬ್ಬರ ಮಗ. ತಬೋರಾದ ಶಾಲೆಯಲ್ಲಿ, ಬಳಿಕ ಉಗಾಂಡಾದ ಮಕೆರೆರೆಯಲ್ಲಿ ಓದಿ, 1949ರಿಂದ 1952ರವರೆಗೆ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ ಎಂ.ಎ. ಪಡೆದರು. ತಾಯ್ನಾಡಿಗೆ ಮರಳಿ ಶಾಲಾ ಶಿಕ್ಷಕರಾದರು. 1954ರಲ್ಲಿ ಟಾನು ಪಕ್ಷ ಸ್ಥಾಪನೆಯಾದ ಮೇಲೆ ಪಾಠವೋ ರಾಜಕಾರಣವೋ ಎಂದು ಆರಿಸಿಕೊಳ್ಳಬೇಕಾಗಿ ಬಂದಾಗ ನೌಕರಿ ಬಿಟ್ಟರು. ಆದರೂ ಸ್ವಾಹಿಲಿಯಲ್ಲಿ ಮೇಷ್ಟ್ರು ಎಂಬ ಅರ್ಥದ ‘ಮ್ವಾಲಿಮು’ ಎಂಬ ಹೆಸರೇ ಅವರಿಗೆ ಕೊನೆಯವರೆಗೂ ಅಂಟಿಕೊಂಡಿತು. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ಮತ್ತು ‘ವೆನಿಸ್ಸಿನ ವರ್ತಕ’ ನಾಟಕಗಳನ್ನು ಅವರು ಸ್ವಾಹಿಲಿಗೆ ಅನುವಾದಿಸಿದ್ದು ರಾಷ್ಟ್ರದ ಚುಕ್ಕಾಣಿ ಹಿಡಿದಿದ್ದ ದಿನಗಳಲ್ಲೇ.

1961ರ ಡಿಸೆಂಬರ್‌ನಲ್ಲಿ ಟಾಂಗನ್ಯೀಕಾ ಸ್ವತಂತ್ರವಾಯಿತು. (ಜಾಂಜಿಬಾರ್ ಜೊತೆ ಸೇರಿ ಅದು ತಾಂಜಾನಿಯಾ ಆದದ್ದು 1964ರಲ್ಲಿ.) ಪ್ರಧಾನಿಯಾಗಿ ಆರು ವಾರ ಕಳೆಯುವಷ್ಟರಲ್ಲಿ ನೈರೆರೆ ರಾಜೀನಾಮೆ ಕೊಟ್ಟರು. ಅಧಿಕಾರವನ್ನು ರಷೀದಿ ಕವಾವಾ ಅವರಿಗೆ ವಹಿಸಿ, ಪಕ್ಷವನ್ನು ಮತ್ತೆ ಕಟ್ಟುವುದಕ್ಕೆಂದು ಹಳ್ಳಿಹಳ್ಳಿ ಸುತ್ತಿದರು. ಅದೇ ವರ್ಷದ ಕೊನೆಗೆ ಅಧ್ಯಕ್ಷರಾಗಿ ಮರಳಿದರು. ಹೊಸ ರಾಷ್ಟ್ರವೊಂದರ ನಾಯಕ ಹೀಗೆ ಕುರ್ಚಿ ಬಿಟ್ಟು ಜನರ ನಡುವೆ ಹೋದ ಉದಾಹರಣೆಗಳು ಹೆಚ್ಚಿಲ್ಲ. ಅದೇ 1962ರಲ್ಲಿ, ವಿಚಾರಣೆಯಿಲ್ಲದೆ ಯಾರನ್ನಾದರೂ ಬಂಧನದಲ್ಲಿಡಲು ಅವಕಾಶ ನೀಡುವ ಮುನ್ನೆಚ್ಚರಿಕೆ ಬಂಧನ ಕಾಯ್ದೆಯೂ ಜಾರಿಗೆ ಬಂತು. ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕು. ಏಕೆಂದರೆ ಬಂಧನದ ಭಯವಿರುವಲ್ಲಿ ಪ್ರಜೆಯ ಉತ್ತರವನ್ನು ಅದರ ಮುಖಬೆಲೆಗೆ ಒಪ್ಪಿಕೊಳ್ಳಲಾಗದು.

ಏಕಪಕ್ಷ ಪದ್ಧತಿಗೆ ಅವರು ಕೊಟ್ಟ ಸಮರ್ಥನೆ ಸರಳವಾಗಿತ್ತು: ಆಫ್ರಿಕಾದ ಹಿರಿಯರು ಮರದಡಿ ಕುಳಿತು ಒಮ್ಮತಕ್ಕೆ ಬರುವವರೆಗೂ ಮಾತನಾಡುತ್ತಿದ್ದರು, ಆಳುವ ಪಕ್ಷ ಮತ್ತು ವಿರೋಧ ಪಕ್ಷ ಎಂಬ ವಿಭಜನೆ ನಮ್ಮದಲ್ಲ ಎಂಬುದು ಅವರ ವಾದ. ಇಂಥ ವಾದ ಎಷ್ಟೋ ದೇಶಗಳಲ್ಲಿ ಸರ್ವಾಧಿಕಾರಕ್ಕೆ ಹೊದಿಕೆಯಾಗಿದೆ. ನೈರೆರೆ ಅದಕ್ಕೊಂದು ಕಿಟಕಿ ಇಟ್ಟರು. 1965ರ ಚುನಾವಣೆಯಲ್ಲಿ ಬಹುತೇಕ ಕ್ಷೇತ್ರಗಳಲ್ಲಿ ಒಂದೇ ಪಕ್ಷದ ಇಬ್ಬರು ಅಭ್ಯರ್ಥಿಗಳು ಎದುರುಬದುರಾಗಿ ನಿಂತರು. ಓದುಬರಹ ಬಾರದ ಮತದಾರರಿಗಾಗಿ ಒಬ್ಬರಿಗೆ ಗುದ್ದಲಿಯ ಚಿಹ್ನೆ, ಇನ್ನೊಬ್ಬರಿಗೆ ಮನೆಯ ಚಿಹ್ನೆ. ಬುಡಕಟ್ಟು, ಧರ್ಮ, ಜನಾಂಗದ ಹೆಸರಿನಲ್ಲಿ ಮತ ಯಾಚಿಸುವಂತಿರಲಿಲ್ಲ. ಹಣಕಾಸು ಸಚಿವರೂ ಸೇರಿದಂತೆ ಹಲವು ಘಟಾನುಘಟಿಗಳನ್ನು ಮತದಾರರು ಮನೆಗೆ ಕಳಿಸಿದರು. ಅಧ್ಯಕ್ಷರ ವಿಷಯದಲ್ಲಿ ಮಾತ್ರ ಆಯ್ಕೆ ‘ಹೌದು’ ಅಥವಾ ‘ಇಲ್ಲ’ ಎಂಬುದಷ್ಟೇ. ಶೇ 96ಕ್ಕಿಂತ ಹೆಚ್ಚು ಜನ ‘ಹೌದು’ ಎಂದರು.

ಮರುವರ್ಷವೇ ಇದರ ಇನ್ನೊಂದು ಮುಖ ಕಂಡಿತು. ಕಡ್ಡಾಯ ರಾಷ್ಟ್ರೀಯ ಸೇವೆಯನ್ನು ವಿರೋಧಿಸಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಗೌನು ಧರಿಸಿ ಮೆರವಣಿಗೆ ಬಂದರು. ನೈರೆರೆ ಅವರ ಮಾತನ್ನು ಆಲಿಸಿದರು. ಆಮೇಲೆ ಸುಮಾರು 400 ವಿದ್ಯಾರ್ಥಿಗಳನ್ನು ಮನೆಗೆ ಅಟ್ಟಿದರು. ವಿದ್ಯಾವಂತರ ಸಂಬಳವೇ ಹೆಚ್ಚಾಯಿತೆಂದು ತಮ್ಮ ಸಂಬಳವನ್ನೂ ಶೇ 20ರಷ್ಟು ಕಡಿತಗೊಳಿಸಿಕೊಂಡರು. ಅವರ ಪ್ರಾಮಾಣಿಕತೆಯಲ್ಲಿ ಯಾರಿಗೂ ಸಂಶಯ ಬರುವಂತಿರಲಿಲ್ಲ. ನನ್ನ ದೃಷ್ಟಿಯಲ್ಲಿ ತೊಡಕಿದ್ದುದು ಅಲ್ಲಿಯೇ. ಸ್ವಂತಕ್ಕೆ ಏನನ್ನೂ ಬಯಸದ ನಾಯಕನಿಗೆ, ಜನರ ಹಿತ ತನಗೆ ಜನರಿಗಿಂತ ಚೆನ್ನಾಗಿ ಗೊತ್ತು ಎಂದು ನಂಬುವುದು ಸುಲಭ.

ಆ ನಂಬಿಕೆಗೆ ಹಳ್ಳಿಗರು ತೆತ್ತ ಬೆಲೆ ದೊಡ್ಡದು. 1967ರ ಅರುಷಾ ಘೋಷಣೆಯ ನಂತರ ‘ಉಜಾಮಾ’ ಹಳ್ಳಿಗಳ ಕನಸು ಬಂತು. ಚದುರಿದ ಜಮೀನುಗಳಲ್ಲಿ ಬದುಕುವ ರೈತರು ಒಂದೆಡೆ ನೆಲೆಸಿ ಕೂಡಿ ದುಡಿದರೆ ಶಾಲೆ, ಔಷಧಾಲಯ, ಕುಡಿಯುವ ನೀರು ಒದಗಿಸಬಹುದು ಎಂಬುದು ಅದರ ತಿರುಳು. ಇದು ಸ್ವಇಚ್ಛೆಯಿಂದ ನಡೆಯಬೇಕೆಂದು ನೈರೆರೆ ಮೊದಲು ಒತ್ತಿ ಹೇಳಿದ್ದರು. ದಕ್ಷಿಣದ ರುವುಮಾ ಪ್ರಾಂತ್ಯದಲ್ಲಿ ರೈತರೇ ಕಟ್ಟಿಕೊಂಡ ಸಹಕಾರಿ ಹಳ್ಳಿಗಳು ಅವರಿಗೆ ಮಾದರಿಯಾಗಿದ್ದವು. ತಮ್ಮ ವ್ಯವಹಾರವನ್ನು ತಾವೇ ಸಭೆ ಸೇರಿ ತೀರ್ಮಾನಿಸುತ್ತಿದ್ದ ಆ ಸಂಘವನ್ನು 1969ರಲ್ಲಿ ಅವರದೇ ಪಕ್ಷದ ಕೇಂದ್ರ ಸಮಿತಿ ವಿಸರ್ಜಿಸಿತು. ಸ್ಥಳೀಯ ಪಕ್ಷಾಧಿಕಾರಿಗಳಿಗೆ ಅದರ ಸ್ವಾಯತ್ತತೆ ಸಹ್ಯವಾಗಿರಲಿಲ್ಲ.

1973ರ ಹೊತ್ತಿಗೆ ಸ್ವಇಚ್ಛೆಯ ಮಾತು ಹಿಂದೆ ಸರಿಯಿತು. ಹಳ್ಳಿಗಳಲ್ಲಿ ವಾಸಿಸುವುದು ಆದೇಶವಾಯಿತು. 1973ರಿಂದ 1976ರ ನಡುವೆ ಕನಿಷ್ಠ 50 ಲಕ್ಷ ಜನರನ್ನು ಸ್ಥಳಾಂತರಿಸಲಾಯಿತೆಂದು ಅಂದಾಜು. ಹಲವೆಡೆ ಜನ ಹಿಂದಿರುಗದಂತೆ ಅವರ ಹಳೆಯ ಮನೆಗಳಿಗೆ ಬೆಂಕಿ ಇಡಲಾಯಿತು. ಯಾವ ಮಣ್ಣು ಯಾವ ಬೆಳೆಗೆ ಆಗಿಬರುತ್ತದೆ, ದನ ಮೇಯಿಸಲು ಎಷ್ಟು ದೂರ ಹೋಗಬೇಕು, ಬಾವಿ ಎಲ್ಲಿ ಬತ್ತುತ್ತದೆ ಎಂಬ ರೈತನ ತಿಳಿವಳಿಕೆಗೆ ಅಧಿಕಾರಿಯ ನಕ್ಷೆಯಲ್ಲಿ ಜಾಗವಿರಲಿಲ್ಲ. ಬರವೂ ಜೊತೆಗೂಡಿ, 1974–75ರಲ್ಲಿ ಹೊರದೇಶಗಳಿಂದ ಭಾರಿ ಪ್ರಮಾಣದಲ್ಲಿ ಧಾನ್ಯ ತರಿಸಬೇಕಾಯಿತು. ಇದೇ ನೆಲದಲ್ಲಿ 1940ರ ದಶಕದ ಕೊನೆಗೆ ಬ್ರಿಟಿಷರು ಕೋಟ್ಯಂತರ ಪೌಂಡ್ ಸುರಿದು ಕಡಲೆಕಾಯಿ ಬೆಳೆಯಲು ಹೊರಟು, ಸ್ಥಳೀಯ ಮಣ್ಣು ಮಳೆಗಳನ್ನು ಅರಿಯದೆ ಕೈಸುಟ್ಟುಕೊಂಡಿದ್ದರು. ಅವರ ಬೂಟುಗಾಲಿನ ಗುರುತು ಅಳಿಯುವ ಮೊದಲೇ ಸ್ವದೇಶಿ ಸರ್ಕಾರ ಅದೇ ಹಾದಿ ತುಳಿದದ್ದನ್ನು ಓದುವಾಗ ವಿಷಾದವೆನಿಸುತ್ತದೆ.

ಆ ಅವಧಿಯ ಸಾಧನೆಗಳನ್ನು ಮರೆಮಾಚುವುದೂ ಸಲ್ಲದು. ಸ್ವಾತಂತ್ರ್ಯದ ಮೊದಲ ದಶಕದಲ್ಲಿ ವಯಸ್ಕರಲ್ಲಿ ಮೂರನೇ ಒಂದರಷ್ಟಿದ್ದ ಸಾಕ್ಷರತೆ 1980ರ ದಶಕದ ನಡುವಿಗೆ ಸರ್ಕಾರಿ ಲೆಕ್ಕದಲ್ಲಿ ಶೇ 90ರ ಹತ್ತಿರ ಬಂದಿತ್ತು. ನೂರಕ್ಕೂ ಹೆಚ್ಚು ಬುಡಕಟ್ಟುಗಳ ದೇಶವನ್ನು ಒಂದು ಭಾಷೆಯ ಸುತ್ತ ಒಗ್ಗೂಡಿಸಿದ್ದು ಸಣ್ಣ ಕೆಲಸವಲ್ಲ. ಅರುಷಾ ಘೋಷಣೆಗೆ ಹತ್ತು ವರ್ಷ ತುಂಬಿದಾಗ ನೈರೆರೆ ತಾವೇ ಅದರ ಲೆಕ್ಕಪರಿಶೋಧನೆಯನ್ನು ಬರೆದು, ಸೋಲುಗಳನ್ನೂ ಪಟ್ಟಿ ಮಾಡಿದರು. 1985ರಲ್ಲಿ ಅಧ್ಯಕ್ಷ ಪದವಿ ಬಿಟ್ಟರು. ಬಳಿಕ ಅವರು ಅಧ್ಯಕ್ಷತೆ ವಹಿಸಿದ ದಕ್ಷಿಣ ಆಯೋಗಕ್ಕೆ ಪ್ರಧಾನ ಕಾರ್ಯದರ್ಶಿಯಾಗಿ ದುಡಿದವರು ನಮ್ಮ ಮನಮೋಹನ್ ಸಿಂಗ್. ಗಾಂಧಿ ಶಾಂತಿ ಪ್ರಶಸ್ತಿಯನ್ನು ಭಾರತ 1995ರಲ್ಲಿ ಮೊದಲ ಬಾರಿಗೆ ಕೊಟ್ಟಾಗ ಅದು ಸಂದದ್ದು ನೈರೆರೆ ಅವರಿಗೆ.

1989ರಲ್ಲಿ ಪೂರ್ವ ಯುರೋಪಿನ ಏಕಪಕ್ಷ ಸರ್ಕಾರಗಳು ಒಂದೊಂದಾಗಿ ಉರುಳಿದವು. 1990ರ ಆರಂಭದಲ್ಲಿ ನೈರೆರೆ, ಬಹುಪಕ್ಷದ ಬಗ್ಗೆ ಚರ್ಚಿಸುವುದು ಪಾಪವಲ್ಲ ಎಂಬರ್ಥದ ಮಾತಾಡಿ ತಮ್ಮ ಪಕ್ಷದವರನ್ನೇ ಬೆಚ್ಚಿಬೀಳಿಸಿದರು. ಅದೇ ವರ್ಷ ಪಕ್ಷದ ಅಧ್ಯಕ್ಷತೆಯನ್ನೂ ತೊರೆದರು. ಮರುವರ್ಷ ನ್ಯಲಾಲಿ ಆಯೋಗ ನೇಮಕವಾಯಿತು.

ಆಯೋಗಕ್ಕೆ ಸಿಕ್ಕ ಅಂಕಿಯನ್ನು ಹೇಗೆ ಓದಬೇಕು? ಬಹುಮತವೇ ಪ್ರಜಾಪ್ರಭುತ್ವ ಎನ್ನುವವರಿಗೆ ಉತ್ತರ ನೇರವಾಗಿದೆ. ಆದರೆ ಒಂದೇ ಪಕ್ಷ ಸಾಕೆಂದವರಲ್ಲೂ ಬಹಳಷ್ಟು ಜನ ಆ ವ್ಯವಸ್ಥೆಯಲ್ಲಿ ದೊಡ್ಡ ಬದಲಾವಣೆಗಳನ್ನು ಬಯಸಿದ್ದರು. ಎರಡನೆಯದಾಗಿ, ಇದು ಇಂದಿನ ಅರ್ಥದ ಮಾದರಿ ಸಮೀಕ್ಷೆ ಆಗಿರಲಿಲ್ಲ. ಸಭೆಗೆ ಬಂದವರು, ಬಾಯಿಬಿಟ್ಟವರು, ಪತ್ರ ಬರೆದವರು ಅಲ್ಲಿ ದಾಖಲಾದರು, ಸುಮ್ಮನಿದ್ದವರು ದಾಖಲಾಗಲಿಲ್ಲ. ಮೂರನೆಯದು, ಬೇರೆ ಪಕ್ಷದ ಮಾತೇ ಅಪರಾಧವಾಗಿದ್ದ ದೇಶದಲ್ಲಿ ಐವರಲ್ಲಿ ಒಬ್ಬ ಬಹಿರಂಗವಾಗಿ ಅದನ್ನು ಕೇಳಿದ್ದಾನೆ. ಆ ಒಬ್ಬನ ಹಕ್ಕನ್ನು ಉಳಿದ ನಾಲ್ವರ ಅಪ್ಪಣೆಗೆ ಬಿಡಬಹುದೆ? ನೈರೆರೆ ಆ ಶೇ 20ರ ಪರ ನಿಂತರು. ಇಡೀ ದೇಶಕ್ಕೆ ಹಳ್ಳಿ ಬದಲಿಸಲು ಹೇಳಿದಾಗ ಜನರ ಮಾತನ್ನು ಮೀರಿದವರು, ಈಗಲೂ ಜನರ ಮಾತನ್ನು ಮೀರಿದರು ಎಂದು ಟೀಕಿಸುವವರಿದ್ದಾರೆ. ನನಗೆ ಎರಡೂ ಒಂದೇ ಎನಿಸುವುದಿಲ್ಲ. ಮೊದಲನೆಯದರಲ್ಲಿ ಪ್ರಜೆಯ ಆಯ್ಕೆ ಮುಚ್ಚಿಹೋಯಿತು, ಎರಡನೆಯದರಲ್ಲಿ ತೆರೆಯಿತು. ಒಂದೇ ಪಕ್ಷ ಬೇಕೆಂದವರು ಅದೇ ಪಕ್ಷಕ್ಕೆ ಮತ ಹಾಕಲು ಯಾವ ಅಡ್ಡಿಯೂ ಇರಲಿಲ್ಲ. 1995ರ ಮೊದಲ ಬಹುಪಕ್ಷ ಚುನಾವಣೆಯಲ್ಲಿ ಅವರು ಹಾಗೆಯೇ ಮಾಡಿದರು.

ಆದರೆ ಆಯೋಗ ಅಷ್ಟಕ್ಕೇ ನಿಂತಿರಲಿಲ್ಲ. ಮುನ್ನೆಚ್ಚರಿಕೆ ಬಂಧನ ಕಾಯ್ದೆಯೂ ಸೇರಿದಂತೆ 40 ದಮನಕಾರಿ ಕಾನೂನುಗಳನ್ನು ಗುರುತಿಸಿ, ಅವುಗಳನ್ನು ರದ್ದು ಮಾಡಬೇಕು ಅಥವಾ ತಿದ್ದಬೇಕು ಎಂದಿತ್ತು. ಪಕ್ಷಗಳು ಬೇಗ ಬಂದವು, ಆ ಕಾನೂನುಗಳಲ್ಲಿ ಅನೇಕವು ಹಾಗೆಯೇ ಉಳಿದವು. ಅವುಗಳಲ್ಲಿ ಹೆಚ್ಚಿನವಕ್ಕೆ ಅಂಕಿತ ಬಿದ್ದದ್ದು ನೈರೆರೆ ಅವರ ಕಾಲದಲ್ಲೇ ಎಂಬುದನ್ನು ಅವರ ಅಭಿಮಾನಿಗಳು ಅಷ್ಟಾಗಿ ನೆನೆಯುವುದಿಲ್ಲ.

1999ರ ಅಕ್ಟೋಬರ್ 14ರಂದು ನೈರೆರೆ ಲಂಡನ್ನಿನ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅದೇ ವರ್ಷ ಆಫ್ರೊಬ್ಯಾರೊಮೀಟರ್ ಎಂಬ ಸಂಶೋಧನಾ ಜಾಲ ತನ್ನ ಮೊದಲ ಸುತ್ತಿನ ಸಮೀಕ್ಷೆ ಆರಂಭಿಸಿತು. ಮೊದಲ ಸುತ್ತಿನಲ್ಲಿ 12 ದೇಶಗಳು, 2023ಕ್ಕೆ ಮುಗಿದ ಒಂಬತ್ತನೆಯ ಸುತ್ತಿನಲ್ಲಿ 39. ಇಲ್ಲಿ ಸಭೆಗೆ ಬಂದವರನ್ನು ಕೇಳುವುದಿಲ್ಲ. ಜನಗಣತಿಯ ಆಧಾರದ ಮೇಲೆ ಪ್ರದೇಶವನ್ನು, ಅಲ್ಲಿ ಮನೆಯನ್ನು, ಮನೆಯೊಳಗೆ ವ್ಯಕ್ತಿಯನ್ನು ಯಾದೃಚ್ಛಿಕವಾಗಿ ಆರಿಸಿ, ಒಮ್ಮೆ ಗಂಡಸು ಒಮ್ಮೆ ಹೆಂಗಸು ಎಂಬಂತೆ, ಅವರ ಭಾಷೆಯಲ್ಲೇ ಎದುರು ಕುಳಿತು ಕೇಳುತ್ತಾರೆ. ಒಂದು ದೇಶಕ್ಕೆ 1,200 ಅಥವಾ 2,400 ಜನ. ನೀರು, ವಿದ್ಯುತ್, ಲಂಚ, ಊಟವಿಲ್ಲದೆ ಕಳೆದ ದಿನ, ಸರ್ಕಾರದ ಮೇಲಿನ ವಿಶ್ವಾಸ, ಏಕಪಕ್ಷದ ಬಗೆಗಿನ ನಿಲುವು, ಎಲ್ಲವೂ ಪ್ರಶ್ನಾವಳಿಯಲ್ಲಿದೆ. 2001ರಲ್ಲಿ ತಾಂಜಾನಿಯಾದ ಫಲಿತಾಂಶ ಬಂದಾಗ ಸಂಶೋಧಕರೇ ಚಕಿತರಾದರು: ಬಡತನದ ನಡುವೆಯೂ ಸರ್ಕಾರದ ಬಗ್ಗೆ ಅಷ್ಟೊಂದು ತೃಪ್ತಿ. ಇವರು ಪ್ರಶ್ನಿಸಲು ಕಲಿಯದವರೋ ತಾಳ್ಮೆಯಿಂದ ಕಾಯುತ್ತಿರುವವರೋ ಎಂಬ ಸಂದೇಹವನ್ನು ಅವರು ವರದಿಯ ಶೀರ್ಷಿಕೆಯಲ್ಲೇ ಇಟ್ಟರು.

ಅಂಕಿಗಳು ಹಿತವಾಗಿರುವವರೆಗೆ ಸಮೀಕ್ಷೆ ಯಾರಿಗೂ ತೊಂದರೆಯಲ್ಲ. 2018ರಲ್ಲಿ ತ್ವವೇಝಾ ಎಂಬ ಸ್ವಯಂಸೇವಾ ಸಂಸ್ಥೆ ಮೊಬೈಲ್ ಫೋನ್ ಮೂಲಕ ನಡೆಸಿದ ಸಮೀಕ್ಷೆಯಲ್ಲಿ ಅಂದಿನ ಅಧ್ಯಕ್ಷ ಜಾನ್ ಮಗುಫುಲಿ ಅವರ ಕಾರ್ಯವೈಖರಿಯನ್ನು ಮೆಚ್ಚಿದವರು ಶೇ 55. ಎರಡು ವರ್ಷದ ಹಿಂದೆ ಅದು ಶೇ 96 ಇತ್ತು. ಅನುಮತಿ ಇತ್ತೇ ಎಂದು ಸಂಸ್ಥೆಗೆ ಸರ್ಕಾರಿ ಆಯೋಗದ ಪತ್ರ ಬಂತು. ಅದರ ಮುಖ್ಯಸ್ಥರ ಪಾಸ್‌ಪೋರ್ಟನ್ನು ವಶಪಡಿಸಿಕೊಳ್ಳಲಾಯಿತು. ಅದೇ ವರ್ಷ, ಅಧಿಕೃತ ಅಂಕಿಅಂಶಗಳನ್ನು ಅಲ್ಲಗಳೆಯುವ ಲೆಕ್ಕ ಪ್ರಕಟಿಸಿದರೆ ಜೈಲು ಎಂಬ ತಿದ್ದುಪಡಿ ಸಂಸತ್ತಿನಲ್ಲಿ ಅಂಗೀಕಾರವಾಯಿತು. ವಿಶ್ವಬ್ಯಾಂಕ್ ಆಕ್ಷೇಪಿಸಿದ ಮೇಲೆ 2019ರಲ್ಲಿ ಅದನ್ನು ಸಡಿಲಿಸಲಾಯಿತು. 2025ರ ಅಕ್ಟೋಬರ್‌ನಲ್ಲಿ ಪ್ರಮುಖ ವಿರೋಧ ಪಕ್ಷವನ್ನು ಹೊರಗಿಟ್ಟು ನಡೆದ ಚುನಾವಣೆಯಲ್ಲಿ, ಬೀದಿಗಳಲ್ಲಿ ಪ್ರತಿಭಟನೆ ಮತ್ತು ಸಾವುನೋವಿನ ನಡುವೆ, ಅಧ್ಯಕ್ಷರಿಗೆ ಶೇ 97ಕ್ಕೂ ಹೆಚ್ಚು ಮತ ಬಂದಿದೆ ಎಂದು ಘೋಷಣೆಯಾಯಿತು. ನ್ಯಲಾಲಿ ಆಯೋಗದೆದುರು ಮಾತನಾಡಿದ ಆ ಶೇ 20ರಷ್ಟು ಜನ, ಅವರ ಮಕ್ಕಳು ಈ ಲೆಕ್ಕದಲ್ಲಿ ಎಲ್ಲಿ ಹೋದರು ಎಂದು ಹುಡುಕುವುದಕ್ಕೆ ನಮಗುಳಿದಿರುವ ಒಂದು ದಾರಿ ಆ ಮನೆಮನೆಯ ಪ್ರಶ್ನಾವಳಿ.

ಆಫ್ರೊಬ್ಯಾರೊಮೀಟರ್‌ನ ಸಂದರ್ಶಕರು ಎಲ್ಲ ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ. ತಮ್ಮನ್ನು ಇಲ್ಲಿಗೆ ಕಳಿಸಿದವರು ಯಾರೆಂದು ನಿಮಗನಿಸುತ್ತದೆ ಎಂಬುದು ಅದು. ಸ್ವತಂತ್ರ ಸಂಸ್ಥೆಯಿಂದ ಬಂದಿದ್ದೇವೆ ಎಂದು ಆರಂಭದಲ್ಲೇ ತಿಳಿಸಿರುತ್ತಾರೆ. ಆದರೂ ಹಲವು ದೇಶಗಳಲ್ಲಿ ಬಹಳಷ್ಟು ಜನ ಕೊಡುವ ಉತ್ತರ, ಸರ್ಕಾರ.